ಸಿರಿಲ್ ಪೊರ್ಬುಗಳ ಬಾಯಮ್ಮ

ಆಗಸ್ಟ್ ತಿಂಗಳ ಮಧ್ಯಾಹ್ನದಲ್ಲೂ ತುಂಬುತೋಳಿನ ಅಂಗಿ ತೊಟ್ಟು, ಮಣಿಕಟ್ಟಿನ ಗುಂಡಿಯನ್ನೂ ಹಾಕಿಕೊಂಡೇ ಓಡಾಡುತ್ತಿದ್ದವರು ನಮ್ಮ ಕಾರ್ಖಾನೆಯಲ್ಲಿ ಸಿರಿಲ್ ಪೊರ್ಬುಗಳೊಬ್ಬರೇ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಕಿಟಕಿ ಬಾಗಿಲುಗಳ ಅಲ್ಯೂಮಿನಿಯಂ ಚೌಕಟ್ಟು ಮಾಡುವ ಜಾಗ ಅದು. ನಾನು ನಕ್ಷೆ ಬರೆಯುವವನು, ಅವರು ಸ್ಟೋರ್ ನೋಡಿಕೊಳ್ಳುವವರು. ಕರಾವಳಿಯಲ್ಲಿ ಕ್ರೈಸ್ತ ಹಿರಿಯರನ್ನು ಗೌರವದಿಂದ ಪೊರ್ಬುಗಳು ಎಂದೇ ಕರೆಯುವುದು. ಶೆಡ್ಡಿನ ತಗಡಿನ ಕೆಳಗೆ ನಾವೆಲ್ಲ ಬನಿಯನ್ ಹಿಂಡಿಕೊಳ್ಳುತ್ತಿದ್ದರೆ ಇವರು ಈಗಷ್ಟೇ ಪೂಜೆ ಮುಗಿಸಿ ಇಗರ್ಜಿಯಿಂದ ಬಂದವರಂತೆ ನಿಂತಿರುತ್ತಿದ್ದರು. ಕೇಳಿದರೆ, "ಸ್ಟೋರ್ ಕೀಪರ್ ಅಂದ್ರೆ ಒಂದು ಮರ್ಯಾದೆ ಬೇಡ್ವಾ ಭಟ್ರೆ?" ಎನ್ನುತ್ತಿದ್ದರು. ನಾನು ಅದನ್ನು ನಂಬಿದ್ದೆ. ಅವರು ಹೇಳಿದ್ದನ್ನೆಲ್ಲ ನಂಬುವುದು ಆಗ ನನ್ನ ಅಭ್ಯಾಸವೇ ಆಗಿತ್ತು.

ಅದಕ್ಕೆ ಕಾರಣವೂ ಇತ್ತು. ನಾನು ಇಲ್ಲಿಗೆ ಬಂದ ಮೊದಲ ವರ್ಷ ನನಗೆ ಚಿಕನ್ ಪಾಕ್ಸ್ ಆಯಿತು. ರೂಮಿನಲ್ಲಿದ್ದ ಮೂವರೂ ಒಂದೇ ದಿನ ಗಂಟುಮೂಟೆ ಕಟ್ಟಿ ಬೇರೆ ಕಡೆ ಹೋದರು. ಆಗ ಹತ್ತು ದಿನ ಬಾಗಿಲು ತಟ್ಟಿ ಒಳಗೆ ಬಂದವರು ಪೊರ್ಬುಗಳೊಬ್ಬರೇ. ಒಂದು ಕೈಯಲ್ಲಿ ಕುಚಲಕ್ಕಿ ಗಂಜಿ, ಇನ್ನೊಂದರಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ. "ನಾನು ಮೀನಿನ ಪಾತ್ರೆಯಲ್ಲಿ ಮಾಡಿದ್ದಲ್ಲ, ಹೊಸ ಪಾತ್ರೆ, ಹೆದರ್ಬೇಡಿ" ಎಂದು ಪ್ರತಿದಿನ ಹೇಳುತ್ತಿದ್ದರು. ಇವತ್ತು ಅವರ ಮೇಲೆ ಎಷ್ಟು ಸಿಟ್ಟಿದ್ದರೂ ಆ ಗಂಜಿಯನ್ನು ಸುಳ್ಳೆನ್ನಲು ನನ್ನಿಂದಾಗುವುದಿಲ್ಲ.

ಊರಿಗೆ ಶಾಶ್ವತವಾಗಿ ಹೊರಟವರು ಇಲ್ಲಿ ಸೋಫಾ, ತುಳಸಿ ಗಿಡ, ಬೆಕ್ಕು, ಎಲ್ಲವನ್ನೂ ಉಳಿದವರಿಗೆ ದಾಟಿಸಿ ಹೋಗುತ್ತಾರೆ. ಹಾಗೆ ಯಾರೋ ದಾಟಿಸಿದ್ದು ಪೊರ್ಬುಗಳ ಪಾಲಿಗೆ ಬಂದದ್ದು ಒಂದು ಹಾವು. ಹೆಬ್ಬಾವಿನ ಜಾತಿ, ಆದರೆ ಮೋಟು, ವಿಷವಿಲ್ಲ, ಹೆಚ್ಚೆಂದರೆ ನನ್ನ ಕೈಯಷ್ಟು ಉದ್ದ. ಊದ್ ಮೇಥಾದ ಅವರ ಒಂಟಿ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಅದು ಸುರುಳಿ ಸುತ್ತಿ ಮಲಗಿರುತ್ತಿತ್ತು. ಹೆಸರು ಬಾಯಮ್ಮ. ಇಟ್ಟುಕೊಳ್ಳಲು ಪರವಾನಗಿ ಉಂಟೇ ಎಂದು ಕೇಳಿದ್ದಕ್ಕೆ, "ನಮ್ಮಿಬ್ಬರ ಪೇಪರಿಗಿಂತ ಬಾಯಮ್ಮನ ಪೇಪರ್ ಸರಿ ಉಂಟು ಮಾರಾಯ್ರೆ" ಎಂದು ಫೈಲನ್ನೇ ತೆಗೆದು ತೋರಿಸಿದ್ದರು. ಭಾನುವಾರ ಪೂಜೆ ಮುಗಿಸಿ ಬಂದು ಅದಕ್ಕೆ ಊಟ. ಊಟವೆಂದರೆ ಅಂಗಡಿಯಿಂದ ತಂದು ಫ್ರೀಜರಿನಲ್ಲಿಟ್ಟ ಇಲಿ.

ನನ್ನ ಹೆಂಡತಿ ಸುಮನಾ ಮೈಸೂರಿನವಳು. ಹಾವು ಎಂದರೆ ಅರಳಿಕಟ್ಟೆಯ ನಾಗರಕಲ್ಲು ಎಂದೇ ತಿಳಿದು ಬೆಳೆದವಳು. ಮೊದಲ ಸಲ ಅವರ ಕೋಣೆಗೆ ಹೋದಾಗ ಚಪ್ಪಲಿ ಬಿಟ್ಟು ಗಾಜಿನ ಪೆಟ್ಟಿಗೆಗೆ ಕೈಮುಗಿದಳು. ಪೊರ್ಬುಗಳು ನಗಲಿಲ್ಲ. ನಮ್ಮನ್ನು ಹೊರಗೆ ಕೂರಿಸಿ, "ಬಾಯಮ್ಮನಿಗೆ ನಾಚಿಕೆ ಜಾಸ್ತಿ" ಎಂದು ಬಾಗಿಲು ಹಾಕಿಕೊಂಡು, ಹತ್ತು ನಿಮಿಷದ ಮೇಲೆ ಅಂಗಿಯ ತೋಳಿಗೆ ಅದನ್ನು ಸುತ್ತಿಕೊಂಡು ಬಂದರು.

"ಕಚ್ಚಲ್ವಾ ಸಿರಿಲಣ್ಣ?" ಎಂದು ಸುಮನಾ ಕೇಳಿದಳು.

"ಇವತ್ತಿನವರೆಗೆ ಒಂದು ಸಲ ಕಚ್ಚಲಿಲ್ಲ ಸುಮನಕ್ಕ. ಕೈ ಶುದ್ಧ ಇರ್ಬೇಕು, ಮನಸ್ಸೂ. ಅಷ್ಟಿದ್ರೆ ಯಾವ ಹಾವೂ ಎಂತ ಮಾಡುದಿಲ್ಲ."

ಆ ಮಾತು ಅವಳೊಳಗೆ ಎಲ್ಲಿ ಹೋಗಿ ಕೂತಿತೆಂದು ನನಗೆ ಆಗ ಗೊತ್ತಾಗಲಿಲ್ಲ. ಮದುವೆಯಾಗಿ ಒಂಬತ್ತು ವರ್ಷವಾದರೂ ನಮಗೆ ಮಕ್ಕಳಿರಲಿಲ್ಲ. ಎರಡು ಸಲ ಚಿಕಿತ್ಸೆ ಮಾಡಿಸಿ ಎರಡೂ ಸಲ ಬರಿಗೈಯಲ್ಲಿ ಮನೆಗೆ ಬಂದಿದ್ದೆವು. ಮೂರನೆಯದಕ್ಕೆ ಡಾಕ್ಟರು ಮುಂದಿನ ತಿಂಗಳು ಬನ್ನಿ ಎಂದಿದ್ದರು. ಸುಮನಾಗೆ ಆಗ ಮೂವತ್ತೊಂಬತ್ತು. ಇದೆಲ್ಲ ಪೊರ್ಬುಗಳಿಗೂ ಗೊತ್ತಿತ್ತು.

ಅದೇ ಹೊತ್ತಿಗೆ ಅವರು ಮಗಳ ಮದುವೆಗೆಂದು ಎರಡು ತಿಂಗಳ ರಜೆಯ ಮೇಲೆ ತಮ್ಮ ಊರು ಶಿರ್ವಕ್ಕೆ ಹೊರಟರು. ಬಾಯಮ್ಮ ನಮ್ಮ ಮನೆಗೆ ಬಂತು. "ನಿಮ್ಮನ್ನು ಬಿಟ್ಟು ಬೇರೆ ಯಾರನ್ನೂ ಕೇಳಲೇ ಇಲ್ಲ ಭಟ್ರೆ. ನೀವು ನಾಗನನ್ನು ನಂಬುವವರು" ಎಂದರು. ಐಸ್‌ಕ್ರೀಮ್ ಡಬ್ಬಿಯಲ್ಲಿ ಇಲಿಗಳೂ ಬಂದವು. ಈರುಳ್ಳಿಗೂ ಯೋಚನೆ ಮಾಡುವ ನಮ್ಮ ಮನೆಯ ಫ್ರೀಜರಿನಲ್ಲಿ ಬಟಾಣಿಯ ಪಕ್ಕ ಆ ಡಬ್ಬಿ ಕೂತಿತು. ಊರಿನಲ್ಲಿ ನನ್ನ ಅಮ್ಮನಿಗೆ ಇಂದಿಗೂ ಈ ವಿಷಯ ಹೇಳಿಲ್ಲ.

ಊಟ ಹಾಕುವುದು ನನ್ನ ಕೆಲಸ, ಪೆಟ್ಟಿಗೆ ಶುಚಿ ಮಾಡುವುದು ಸುಮನಾಳದ್ದು ಎಂದು ಮಾತಾಯಿತು. ಮಂಗಳವಾರ ಬೆಳಿಗ್ಗೆ ಅವಳು ತಲೆಗೆ ಸ್ನಾನ ಮಾಡಿ, ಮಡಿಸೀರೆ ಉಟ್ಟು, ನಾಗನಿಗೆ ಪ್ರಿಯವೆಂದು ಎರಡು ಕೈಗೂ ಅರಿಶಿನ ಹಚ್ಚಿಕೊಂಡು ಪೆಟ್ಟಿಗೆಗೆ ಕೈ ಹಾಕಿದಳು. ಅಷ್ಟು ಶುದ್ಧವಾದ ಕೈಯನ್ನು ಬಾಯಮ್ಮ ಹೆಬ್ಬೆರಳಿನ ಬುಡಕ್ಕೆ ಸರಿಯಾಗಿ ಕಚ್ಚಿತು. ಬಿಡಿಸಲು ನಾನು ಬಾಟಲಿ ನೀರು ಸುರಿಯಬೇಕಾಯಿತು. ಕ್ಲಿನಿಕ್ಕಿನಲ್ಲಿ ಗಾಯ ತೊಳೆದು ಒಂದು ಇಂಜೆಕ್ಷನ್ ಕೊಟ್ಟು, ಏನೂ ಹೆದರಬೇಡಿ ಎಂದು ಕಳಿಸಿದರು.

ಮನೆಗೆ ಬಂದು ನಾನು ಪೊರ್ಬುಗಳಿಗೆ ಫೋನು ಮಾಡಿ ಸ್ಪೀಕರಿನಲ್ಲಿಟ್ಟೆ. ಅವರು "ನಂಗೆ ಒಂದು ದಿನವೂ ಕಚ್ಚಲಿಲ್ಲ ಮಾರಾಯ್ರೆ. ಅಕ್ಕನ ಕೈ ಶುದ್ಧ ಇತ್ತಲ್ಲ?" ಎಂದರು.

ಸುಮನಾ ಎದ್ದು ಒಳಗೆ ಹೋದಳು.

ವಾರ ಕಳೆಯುವುದರೊಳಗೆ ಮೈಸೂರಿನಲ್ಲಿ ಅವಳ ತಾಯಿ ಜೋಯಿಸರ ಹತ್ತಿರ ಹೋಗಿ ಬಂದಾಗಿತ್ತು. ನಾಗದೋಷವಂತೆ, ನಾಗಪ್ರತಿಷ್ಠೆ ಆಗಬೇಕಂತೆ, ಅದಕ್ಕೆ ಮೊದಲು ಒಂದು ವರ್ಷ ವ್ರತ. ಸುಮನಾ ಡಾಕ್ಟರಿಗೆ ಫೋನು ಮಾಡಿ ಚಿಕಿತ್ಸೆಯ ದಿನವನ್ನೇ ರದ್ದು ಮಾಡಿದಳು. "ದೋಷ ಇಟ್ಕೊಂಡು ಮಗು ಬೇಡ ಕಣ್ರೀ. ಎರಡು ಸಲ ಯಾಕೆ ಹೋಯ್ತು ಅಂತ ಈಗ ಗೊತ್ತಾಯ್ತಲ್ಲ" ಎಂದಳು. ಈ ವಯಸ್ಸಿನಲ್ಲಿ ಒಂದು ವರ್ಷ ಎಂದರೆ ಬಹಳ ಎಂದು ಡಾಕ್ಟರಮ್ಮ ನನ್ನನ್ನು ಕರೆದು ಹೇಳಿದರು. ನಾನು ವಾದ ಮಾಡಿದೆ, ಬೇಡಿಕೊಂಡೆ, ಒಂದು ದಿನ ಕಿರುಚಿದೆ ಕೂಡ. ಪೊರ್ಬುಗಳಿಗೂ ಎಲ್ಲವನ್ನೂ ಹೇಳಿದೆ. ಅವರು "ದೇವರು ದೊಡ್ಡವನು ಭಟ್ರೆ" ಎಂದು ಫೋನಿಟ್ಟರು.

ರಜೆ ಮುಗಿಸಿ ಬಂದ ಮೇಲೂ ಹೊಸ ರೂಮು ಹುಡುಕುತ್ತಿದ್ದೇನೆ ಎಂದು ಬಾಯಮ್ಮನನ್ನು ಅವರು ಒಯ್ಯಲಿಲ್ಲ. ಅಷ್ಟರಲ್ಲಿ ನಮ್ಮಿಬ್ಬರದ್ದೂ ವೀಸಾ ನವೀಕರಣ ಬಂತು. ಕಂಪನಿಯ ವ್ಯಾನಿನಲ್ಲಿ ವೈದ್ಯಕೀಯ ಪರೀಕ್ಷೆಗೆ ಹೋದೆವು. ರಕ್ತ ಕೊಡುವ ಸಾಲಿನಲ್ಲಿ ಅವರು ಮುಂದೆ, ನಾನು ಹಿಂದೆ. ಮಲಯಾಳಿ ನರ್ಸ್ ತೋಳು ಮೇಲಕ್ಕೆ ಮಾಡಿ ಎಂದಳು. ಇವರು ಗುಂಡಿ ಬಿಚ್ಚಲು ತಡಮಾಡಿದರು. ಅವಳೇ ಬಿಚ್ಚಿ ಸರ್ರನೆ ಮೇಲೆ ಸರಿಸಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಚುಕ್ಕೆ ಚುಕ್ಕೆ ಗಾಯದ ಗುರುತು, ಅರ್ಧ ಬಳೆಯ ಆಕಾರದಲ್ಲಿ, ಒಂದರ ಮೇಲೊಂದು. ಸುಮನಾಳ ಹೆಬ್ಬೆರಳ ಬುಡದಲ್ಲಿದ್ದದ್ದೂ ಅದೇ.

"ಅಯ್ಯೋ ಚೇಟಾ, ಇದೇನು?" ಎಂದಳು ನರ್ಸ್.

"ಹಾವು" ಎಂದರು ಪೊರ್ಬುಗಳು. ನನ್ನ ಕಡೆ ತಿರುಗಲಿಲ್ಲ.

ಹೊರಗೆ ವ್ಯಾನಿನ ನೆರಳಲ್ಲಿ ನಾನು ಅವರ ಕಾಲರಿಗೆ ಕೈ ಹಾಕುವುದೊಂದು ಬಾಕಿ. "ಎಷ್ಟು ಸಲ ಕಚ್ಚಿದೆ?" ಎಂದೆ.

"ಲೆಕ್ಕ ಉಂಟಾ ಭಟ್ರೆ. ಮುಟ್ಟಿದಾಗೆಲ್ಲ ಕಚ್ತದೆ."

"ಮತ್ತೆ ನಮಗೆ ಯಾಕೆ ಹಾಗೆ ಹೇಳಿದ್ರಿ?"

"ಕಚ್ಚುವ ಹಾವು ಅಂತ ಹೇಳಿದ್ರೆ ಯಾರು ಇಟ್ಕೊಳ್ತಾರೆ ಹೇಳಿ? ನಿಮಗಿಂತ ಮೊದಲು ನಾಲ್ಕು ಮನೆಯಲ್ಲಿ ಕೇಳಿದ್ದೇನೆ. ಎಲ್ಲ ಖಲಾಸ್, ಬಾಗಿಲು ಹಾಕಿದ್ರು."

"ಆಮೇಲೆ ಫೋನಿನಲ್ಲಿ? ಅವಳು ಡಾಕ್ಟರ ಹತ್ತಿರ ಹೋಗುದಿಲ್ಲ ಅಂತ ನಾನು ಹೇಳಿದ ಮೇಲೂ?"

ಅವರು ತೋಳಿನ ಗುಂಡಿ ಹಾಕಿಕೊಳ್ಳುತ್ತಿದ್ದರು. "ಅಷ್ಟು ಹೊತ್ತಿಗೆ ಹೇಳ್ಲಿಕ್ಕೆ ನಾಚಿಕೆ ಆಯ್ತು. ಅಕ್ಕ ನನ್ನನ್ನು ಎಷ್ಟು ದೊಡ್ಡ ಮನುಷ್ಯ ಅಂತ ತಿಳ್ಕೊಂಡಿದ್ದಾರೆ" ಎಂದರು.

ತಮಗೇ ನಂಬಿಕೆ ಇಲ್ಲದ ದೋಷವನ್ನು ಇವರು ನನ್ನ ಹೆಂಡತಿಯ ತಲೆಗೆ ಕಟ್ಟಿದ್ದರು, ಸ್ವಂತ ಮರ್ಯಾದೆ ಉಳಿಸಿಕೊಳ್ಳಲು. ಆದರೂ ನಾನು ಕೇಳಿದ್ದು ಒಂದೇ. "ನಾಳೆ ಮನೆಗೆ ಬಂದು ಆ ಕೈಯನ್ನು ಸುಮನಾಗೆ ತೋರಿಸಿ. ಬೇರೆ ಏನೂ ಹೇಳುವುದು ಬೇಡ." ಬರುತ್ತೇನೆ ಎಂದರು. ಶಿಲುಬೆಯ ಗುರುತನ್ನೂ ಮಾಡಿಕೊಂಡರು.

ಬರಲಿಲ್ಲ. ಮರುದಿನ ರಜೆ ಹಾಕಿದರು. ಅದರ ಮುಂದಿನ ವಾರ ಅಲ್ ಐನ್‌ನಲ್ಲಿ ನಡೆಯುತ್ತಿದ್ದ ಕಟ್ಟಡದ ಕೆಲಸಕ್ಕೆ ತಾವಾಗಿಯೇ ಕೇಳಿ ವರ್ಗ ಮಾಡಿಸಿಕೊಂಡು ಹೋದರು. ಒಂದು ಶನಿವಾರ ಅಲ್ಲಿಗೂ ಹೋದೆ. ಊರಲ್ಲಿಲ್ಲ ಎಂದು ಹೇಳಿಕಳಿಸಿದರು. ಕೆಲಸಗಾರರ ಕ್ಯಾಂಪಿನ ಬಾಗಿಲಲ್ಲಿ ಅವರ ಚಪ್ಪಲಿ ಇತ್ತು.

ನಾನೇ ಸುಮನಾಗೆ ಎಲ್ಲ ಹೇಳಿದೆ. ಅವಳು ಸಮಾಧಾನವಾಗಿ ಕೇಳಿ, "ನನಗೆ ಬೇಜಾರಾಗ್ಬಾರದು ಅಂತ ಪಾಪ ಅವರ ಮೇಲೆ ಹಾಕ್ತೀರಲ್ರೀ" ಎಂದಳು. ಸಿಟ್ಟಿನಲ್ಲಿ ಅವಳೆದುರೇ ಪೆಟ್ಟಿಗೆ ತೆರೆದು ನನ್ನ ಕೈ ಹಾಕಿದೆ. ಬಾಯಮ್ಮ ಕ್ಷಣವೂ ಯೋಚಿಸಲಿಲ್ಲ, ಕಚ್ಚಿತು. ರಕ್ತ ಸುರಿಯುವ ಕೈಯನ್ನು ಎತ್ತಿ ಹಿಡಿದು, "ನೋಡು, ಇದು ಎಲ್ಲರಿಗೂ ಕಚ್ಚುವ ಹಾವು" ಎಂದೆ. ಸುಮನಾ ಬಿಳಿಚಿಕೊಂಡಳು. "ಹಾಗಾದ್ರೆ ಇಬ್ಬರಿಗೂ ದೋಷ ಇದೆ" ಎಂದು ತನ್ನ ತಾಯಿಗೆ ಫೋನು ಮಾಡಲು ಹೋದಳು.

ವ್ರತದ ಎಂಟನೆಯ ತಿಂಗಳು ಈಗ. ಒಂದು ಸಲ ಬಂದು ಕೈ ತೋರಿಸಿ ಎಂದು ಪೊರ್ಬುಗಳಿಗೆ ಬರೆಯುವುದನ್ನು ನಾನು ಬಿಟ್ಟಿಲ್ಲ, ಅವರು ಉತ್ತರ ಕೊಟ್ಟಿಲ್ಲ. ಕಳೆದ ಭಾನುವಾರ ಮೊದಲ ಸಲ ಅವರಿಂದ ಒಂದು ಫೋಟೊ ಬಂತು. ಇಗರ್ಜಿಯಲ್ಲಿ ಉರಿಯುತ್ತಿರುವ ಒಂದು ಮೇಣದಬತ್ತಿ. ಕೆಳಗೆ, "ಸುಮನಕ್ಕನಿಗೆ ಮಗು ಆಗ್ಲಿ ಅಂತ ಹಚ್ಚಿದ್ದೇನೆ."

ನಾನು ಮುಚ್ಚಿಡುವ ಮೊದಲೇ ಸುಮನಾ ನೋಡಿಬಿಟ್ಟಳು. ಫೋನನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಶುದ್ಧವಾದ ಕೈ ಹಚ್ಚಿದ್ದು ಕಣ್ರೀ. ಈ ಸಲ ಆಗುತ್ತೆ. ಥ್ಯಾಂಕ್ಸ್ ಅಂತ ಕಳಿಸಿ" ಎಂದಳು.

ಪಕ್ಕದಲ್ಲೇ ನಿಂತಿದ್ದಳು. ಕಳಿಸಿದೆ.