ನಾನು ತಿದ್ದಿದ ಒಂದು ಅಂಕಿ

ಕಳೆದ ವಾರ ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಕೆಟ್ಟಿತ್ತು. ಮೆಕ್ಯಾನಿಕ್ ಮೋಟಾರಿನ ಮುಚ್ಚಳ ತೆಗೆದಾಗ ಸುಟ್ಟ ಗ್ರೀಸಿನ ವಾಸನೆ ಮೆಟ್ಟಿಲ ತುಂಬ ಹರಡಿತು. ಹಾಲು ತರಲು ಹೊರಟವಳು ಅಲ್ಲೇ ನಿಂತೆ. ಆ ವಾಸನೆ ಬಂದರೆ ನನಗೆ ನಮ್ಮ ಮೇಷ್ಟ್ರು ನೆನಪಾಗುತ್ತಾರೆ.

ಮೂವತ್ತು ವರ್ಷಗಳ ಹಿಂದೆ ಬನಶಂಕರಿಯ ಒಂದು ಕಾಲೇಜಿನಲ್ಲಿ ನಾನು ಎಂ.ಟೆಕ್. ಮಾಡುತ್ತಿದ್ದಾಗ ಅವರು ನನ್ನ ಗೈಡ್. ಮಿದುಳಿನ ನರಜಾಲದ ಮಾದರಿಯಲ್ಲಿ ಬರೆದ ಪ್ರೋಗ್ರಾಂ, ನ್ಯೂರಲ್ ನೆಟ್‌ವರ್ಕ್ ಎಂಬ ಮಾತನ್ನು ಮೊದಲು ಕೇಳಿದ್ದೇ ಅವರ ಬಾಯಲ್ಲಿ. ಕಂಪ್ಯೂಟರಿಗೆ ನಿಯಮ ಹೇಳಿಕೊಡಬೇಕಾಗಿಲ್ಲ, ಉದಾಹರಣೆಗಳನ್ನು ತೋರಿಸುತ್ತ ಹೋದರೆ ಮಕ್ಕಳ ಹಾಗೆ ತಾನೇ ಕಲಿಯುತ್ತದೆ ಎನ್ನುತ್ತಿದ್ದರು. "ಏನ್ ಸಾರ್, ನಿಮ್ಮ ಮಿದುಳು ಎಲ್‌ಕೆಜಿ ಪಾಸಾಯ್ತಾ?" ಎಂದು ಸ್ಟಾಫ್ ರೂಮಿನಲ್ಲಿ ಉಳಿದ ಲೆಕ್ಚರರುಗಳು ರೇಗಿಸಿದರೆ ತಾವೂ ನಗುತ್ತಿದ್ದರು. ನಮಗಿದ್ದದ್ದು ಒಂದೇ ಕಂಪ್ಯೂಟರ್. ಒಂದು ಪಾಠ ಕಲಿಯಲು ಅದಕ್ಕೆ ಮೂರು ದಿನ ಬೇಕಿತ್ತು. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ...

ಪೇಪರ್ ಬರೆಯುವುದಕ್ಕಿಂತ ಅದನ್ನು ಯಾವುದಾದರೂ ಕೆಲಸಕ್ಕೆ ಹಚ್ಚಬೇಕೆಂಬ ಆಸೆ ಅವರದು. ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿ ಒಪ್ಪಿತು. ಅಲ್ಲಿ ಒಗೆದ ಬಟ್ಟೆ ಹಿಂಡಲು ದೊಡ್ಡದೊಂದು ಯಂತ್ರವಿತ್ತು. ಒಳಗಿನ ಉಕ್ಕಿನ ತೊಟ್ಟಿ ಭಾರಿ ವೇಗದಲ್ಲಿ ತಿರುಗುತ್ತಿತ್ತು. ಅದರ ಬೇರಿಂಗ್ ಹಾಳಾಗುತ್ತಿದ್ದರೆ ಸದ್ದಿನಿಂದಲೇ ಮೊದಲು ಪತ್ತೆ ಹಚ್ಚುವುದು ನಮ್ಮ ಪ್ರಯೋಗ.

ಆದರೆ ಯಾವ ಸದ್ದು ಸರಿ, ಯಾವುದು ಕೆಟ್ಟದ್ದು ಎಂದು ಕಂಪ್ಯೂಟರಿಗೆ ಯಾರು ಹೇಳಬೇಕು? ಮೇಷ್ಟ್ರು ಆ ಯಂತ್ರ ನಡೆಸುತ್ತಿದ್ದ ಹೆಂಗಸನ್ನೇ ಕೇಳಿದರು. ಬೇಗೂರಿನಿಂದ ಬರುತ್ತಿದ್ದ ಆಕೆಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ನಾವು ರೆಕಾರ್ಡ್ ಮಾಡಿದ ಸದ್ದುಗಳನ್ನು ಹೆಡ್‌ಫೋನಿನಲ್ಲಿ ಕೇಳಿಸಿದರೆ ಅಕ್ಕ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. "ಇದು ಚೆನ್ನಾಗೈತೆ. ಇದು... ಇಲ್ಲ ಸಾರ್, ಇದು ಒಳಗೆ ತರೀತಾ ಐತೆ." ಮೇಷ್ಟ್ರು ಒಂದೊಂದನ್ನೂ ಬರೆದುಕೊಳ್ಳುತ್ತಿದ್ದರು. ವಾಪಸ್ ಬರುವಾಗ ಬಸ್ಸಿನಲ್ಲಿ ಒಮ್ಮೆ ನನಗೆ ಹೇಳಿದರು, "ಕಲಿಸ್ತಿರೋದು ನಾವಲ್ಲ ಕಣಮ್ಮ, ಅವ್ರು."

ಕೊನೆಗೆ ಕಂಪ್ಯೂಟರನ್ನು ಯಂತ್ರದ ಪಕ್ಕದಲ್ಲಿ ಕೂರಿಸಿದೆವು. ಅಪಾಯ ಎಷ್ಟೆಂದು ಅದು ನೂರರೊಳಗೆ ಒಂದು ಅಂಕಿ ತೋರಿಸುತ್ತಿತ್ತು. ಎಪ್ಪತ್ತು ದಾಟಿದರೆ ಕೂಗುತ್ತಿತ್ತು. ಕೂಗಿದಾಗಲೆಲ್ಲ ಕೆಲಸ ನಿಲ್ಲಿಸಿ ಬೇರಿಂಗ್ ಬಿಚ್ಚಿ ನೋಡಬೇಕು. ಮೂರು ಸಲ ಬಿಚ್ಚಿದರೂ ಏನೂ ಸಿಗಲಿಲ್ಲ. ಆಗ ಮೇಷ್ಟ್ರು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಜಯನಗರದ ಮನೆಯಲ್ಲಿದ್ದರು. ಸೂಪರ್‌ವೈಸರ್ ನನ್ನನ್ನು ಕರೆದು, "ಮೇಡಂ, ಇದು ಹಿಂಗೇ ಬಡ್ಕೊಂತಿದ್ರೆ ಪ್ಲಗ್ ಕಿತ್ತಾಕ್ತೀನಿ ಅಷ್ಟೆ" ಎಂದರು. ಪ್ರಯೋಗ ನಿಂತರೆ ನನ್ನ ಥೀಸಿಸ್ಸೂ ನಿಲ್ಲುತ್ತದೆಂಬ ಭಯ. ಎಪ್ಪತ್ತಿದ್ದದ್ದನ್ನು ತೊಂಬತ್ತು ಮಾಡಿದೆ. ಒಂದು ನಿಮಿಷದ ಕೆಲಸ. ಮೇಷ್ಟ್ರಿಗೆ ಆಮೇಲೆ ಹೇಳಿದರಾಯಿತು ಎಂದುಕೊಂಡೆ...

ಒಂಬತ್ತನೆಯ ದಿನ ಬೆಳಗ್ಗೆ ಬೇರಿಂಗ್ ಹೋಗಿ ಶಾಫ್ಟ್ ಮುರಿದು, ತೊಟ್ಟಿ ಮುಚ್ಚಳವನ್ನು ಒಡೆದುಕೊಂಡು ಹೊರಬಂತು. ಅಕ್ಕ ಎದುರಿಗೇ ಇದ್ದರು. ಆಸ್ಪತ್ರೆ ಮುಟ್ಟುವವರೆಗೂ ಜೀವ ಉಳಿಯಲಿಲ್ಲ.

ಅಕ್ಕನ ಜೊತೆ ಕೆಲಸ ಮಾಡುತ್ತಿದ್ದವಳೊಬ್ಬಳು ಅಳುತ್ತ ಹೇಳಿದಳು. "ಸದ್ದು ಸರಿಯಿಲ್ಲ ಅಂತ ಅಕ್ಕ ನೆನ್ನೇನೇ ಹೇಳಿದ್ರು ಮೇಡಂ. ಕಂಪ್ಯೂಟ್ರೇ ಸುಮ್ನೈತೆ, ನಿಂದೇನಮ್ಮ, ಕೆಲ್ಸ ನೋಡು ಅಂದ್ರು ಸೂಪರ್‌ವೈಸರ್."

ಸುಟ್ಟ ಗ್ರೀಸಿನ ವಾಸನೆ ಇನ್ನೂ ಹೋಗಿರಲಿಲ್ಲ, ಮೇಷ್ಟ್ರು ಆಪರೇಷನ್ನಿನ ಕಪ್ಪು ಕನ್ನಡಕದಲ್ಲೇ ಬಂದರು. ಕಂಪ್ಯೂಟರಿನಲ್ಲಿ ದಾಖಲಾಗಿದ್ದ ಅಂಕಿಗಳನ್ನು ನನ್ನ ಕೈಲೇ ಓದಿಸಿದರು. ಎಪ್ಪತ್ತಾರು, ಎಂಬತ್ತೊಂದು, ಎಂಬತ್ತೆಂಟು... ಅಕ್ಕನಿಂದ ಕಲಿತದ್ದನ್ನು ಅದು ನಾಲ್ಕು ದಿನದಿಂದ ಹೇಳುತ್ತಲೇ ಇತ್ತು.

"ಹಾಗಾದ್ರೆ ಯಾಕೆ ಕೂಗ್ಲಿಲ್ಲ?" ಎಂದರು.

ನಾನು ಮುಂದಿನ ಅಂಕಿಗಳನ್ನು ಓದುತ್ತ ಹೋದೆ. ಅವರು ಮತ್ತೆ ಕೇಳಲಿಲ್ಲ.

ವಿಚಾರಣೆಯಲ್ಲಿ ಅವರು, "ಎಲ್ಲ ನನ್ನ ಜವಾಬ್ದಾರಿ. ಆ ಹುಡುಗಿ ನಾನು ಹೇಳಿದಷ್ಟು ಮಾಡಿದಾಳೆ" ಎಂದುಬಿಟ್ಟರು. ಪಕ್ಕದ ಕುರ್ಚಿಯಲ್ಲಿ ನಾನು ತಲೆ ತಗ್ಗಿಸಿ ಕೂತಿದ್ದೆ. ಕಾಲೇಜು ಅವರ ಸಂಶೋಧನೆಯನ್ನು ನಿಲ್ಲಿಸಿತು. ನನ್ನನ್ನು ಬೇರೆ ಗೈಡ್ ಹತ್ತಿರ ಕಳಿಸಿದರು. ಡಿಗ್ರಿ ಬಂತು, ಕೆಲಸವೂ ಸಿಕ್ಕಿತು. ಮೇಷ್ಟ್ರು ಮಾತ್ರ ರಿಟೈರ್ ಆಗುವ ತನಕ ಮೊದಲ ವರ್ಷದವರಿಗೆ ಓಮ್‌ನ ನಿಯಮ ಹೇಳಿಕೊಡುತ್ತ ಉಳಿದರು. ಬೇಗೂರಿನ ಆ ಮನೆಗೆ ಆಗಾಗ ಹೋಗಿ, ಅಕ್ಕನ ಗಂಡನ ಜೊತೆ ಸುಮ್ಮನೆ ಕೂತು ಬರುತ್ತಿದ್ದರಂತೆ. ನಾನು ಒಮ್ಮೆಯೂ ಹೋಗಲಿಲ್ಲ.

ಹೋದ ವರ್ಷ ಮೇಷ್ಟ್ರಿಗೆ ತೀರಾ ಹುಷಾರಿಲ್ಲ ಎಂದು ಗೊತ್ತಾಗಿ ನೋಡಲು ಹೋದೆ. ಅಷ್ಟು ಹೊತ್ತಿಗೆ ನಾನು ಇದೇ ವಿದ್ಯೆಯಲ್ಲಿ ಹೆಸರು ಮಾಡಿದ್ದೆ. ಕಾಲೇಜುಗಳಲ್ಲಿ ಭಾಷಣಕ್ಕೆ ಕರೆಯುತ್ತಿದ್ದರು... ಮಂಚದ ಪಕ್ಕ ಕೂತು, ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಹೇಳಿದೆ.

"ಸಾರ್, ಆ ಅಂಕಿ ಬದಲಾಯಿಸಿದ್ದು ನಾನು."

"ಗೊತ್ತಿತ್ತು ಕಣಮ್ಮ" ಎಂದರು. ನನ್ನ ಕಡೆ ತಿರುಗಿ ಕೇಳಿದರು, "ಆಕೆ ಹೆಸ್ರು ನೆನಪಿದ್ಯಾ ನಿಂಗೆ?"

ಅಕ್ಕ ಎಂಬುದರ ಹೊರತು ನನಗೇನೂ ಹೊಳೆಯಲಿಲ್ಲ. ಎಂದಾದರೂ ಕೇಳಿ ತಿಳಿದಿದ್ದೆನೋ ಇಲ್ಲವೋ, ಅದೂ ಗೊತ್ತಾಗಲಿಲ್ಲ. ಮೇಷ್ಟ್ರು ಕಾದರು. ಆಮೇಲೆ ಗೋಡೆಯ ಕಡೆ ಮಗ್ಗುಲಾದರು. ನೀವೇ ಹೇಳಿ ಸಾರ್ ಎನ್ನಲು ನನಗೆ ನಾಚಿಕೆಯಾಯಿತು. ಅದಾಗಿ ಹದಿನೈದು ದಿನಕ್ಕೆ ತೀರಿಕೊಂಡರು.

ಮೊನ್ನೆ ಭಾನುವಾರ ಬೇಗೂರಿಗೆ ಹೋಗಿದ್ದೆ. ಅಕ್ಕನ ಮನೆ ಕೆರೆಯ ಹತ್ತಿರದ ಬೀದಿ ಎಂದಷ್ಟೇ ಕೇಳಿದ ನೆನಪು. ಅಲ್ಲೀಗ ಬರೀ ನಾಲ್ಕಂತಸ್ತಿನ ಬಾಡಿಗೆ ಮನೆಗಳು. ನಾನು ಎರಡು ಸಲ ಹಿಂದೆ ಮುಂದೆ ಓಡಾಡಿದ್ದನ್ನು ಕಂಡು ಅಂಗಡಿಯಾತ ಕೂಗಿ ಕೇಳಿದ, "ಯಾರ ಮನೆ ಬೇಕಿತ್ತು ಮೇಡಂ? ಹೆಸರು ಹೇಳಿ, ತೋರಿಸ್ತೀನಿ."

ಹೆಸರು ಬಲ್ಲವರು ಒಬ್ಬರಿದ್ದರು, ಈಗಿಲ್ಲ ಎಂದು ಅವನಿಗೆ ಹೇಗೆ ಹೇಳಲಿ... ಏನಿಲ್ಲಪ್ಪ ಎಂದು ಹೇಳಿ ಬಸ್ ಸ್ಟಾಪಿನ ಕಡೆ ನಡೆದೆ.