ನಾನು ಬರೆದ ದೀಪದ ಕಾನೂನು

ಐವತ್ತರ ದಶಕದ ನಡುವೆ ನಾನು ಗಾವಡಗೆರೆ ಹತ್ತಿರದ ನಮ್ಮೂರಿನ ಪಂಚಾಯಿತಿಯಲ್ಲಿ ಗುಮಾಸ್ತನಾಗಿದ್ದೆ. ಊರಿಗಿನ್ನೂ ಕರೆಂಟು ಬಂದಿರಲಿಲ್ಲ. ದೀಪಾವಳಿಯಿಂದ ಕಾರ್ತಿಕದ ಕೊನೆಯ ಸೋಮವಾರದವರೆಗೆ ಎಲ್ಲರ ಬಾಗಿಲಲ್ಲೂ ಹಣತೆಗಳಿರುತ್ತಿದ್ದವು. ಹಿಂದಿನ ವರ್ಷ ಒಂದು ಹಣತೆಯಿಂದ ಸೂರಿಗೆ ಬೆಂಕಿ ಹತ್ತಿ ಎರಡು ಹುಲ್ಲಿನ ಮನೆ ಸುಟ್ಟಿದ್ದವು. ಜನಕ್ಕೆ, ದನಕ್ಕೆ ಏನೂ ಆಗಲಿಲ್ಲ ಅನ್ನುವುದೇ ಸಮಾಧಾನ. ಅದಕ್ಕೇ ಈ ಸಲ ಪಂಚಾಯಿತಿ ಒಂದು ಕಾನೂನು ಮಾಡಿತು: ಹುಲ್ಲಿನ ಮನೆಯ ಬಾಗಿಲಲ್ಲಿ, ಜಗಲಿಯಲ್ಲಿ ಹಬ್ಬದ ದೀಪ ಇಡಕೂಡದು, ಹೆಂಚಿನ ಮನೆಗಳಲ್ಲಿ ಇಡಬಹುದು. ಛೇರ್ಮನ್ನರು ಹೇಳಿದರು, ನಾನು ಬರೆದು ಪಂಚಾಯಿತಿ ಬಾಗಿಲಿಗೆ ಅಂಟಿಸಿದೆ.

ಅವ್ವನಿಗೆ ಓದು ಬರುತ್ತಿರಲಿಲ್ಲ. ಮುದ್ದೆ ಬಡಿಸುತ್ತಾ ಕೇಳಿದಳು. "ಅದೇನೋ ಅಂಟ್ಸಿದ್ದೀಯಂತಲ್ಲ, ಒಸಿ ಹೇಳ್ಲಾ."

ಹೇಳಿದೆ.

"ನಮ್ಮ ಬೀದೀಲಿ ಹೆಂಚಿನ ಮನೆ ಎಷ್ಟವೆ?"

"ನಮ್ದೊಂದೇ ಕಣವ್ವ."

"ಅಂಗಾದ್ರೆ ಹಬ್ಬ ನಮಗೊಬ್ರಿಗೇಯಾ?"

"ಬೆಂಕಿ ಬಿದ್ರೆ ಆರ್ಸೋರ್ಯಾರವ್ವ? ಅವರ ಒಳ್ಳೇದಕ್ಕೇ ಮಾಡಿರೋದು."

"ಅದೂ ಸರೀನೆ ಬುಡು" ಅಂದು ಸಾರು ಹಾಕಿದಳು. ಅವಳು ಅಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಹಬ್ಬದ ಸಂಜೆ ಮನೆಗೆ ಬರುವಾಗ ಬೀದಿಯ ತುದಿಯಿಂದಲೇ ನಮ್ಮ ಜಗಲಿ ಕಣ್ಣಿಗೆ ಬಿತ್ತು. ಮೆಟ್ಟಿಲ ಮೇಲೆ, ಕಿಟಕಿಯ ಅಂಚಿನಲ್ಲಿ, ಕಂಬದ ಬುಡದಲ್ಲಿ, ಎಲ್ಲೆಲ್ಲೂ ಹಣತೆ. ಬೀದಿಯ ಹೆಂಗಸರೆಲ್ಲ ತಮ್ಮ ಮನೆಯ ದೀಪಗಳನ್ನು ಮೊರದಲ್ಲಿ ಜೋಡಿಸಿಕೊಂಡು ನಮ್ಮಲ್ಲಿಗೆ ತಂದಿದ್ದರು. ಅವ್ವ "ಅಲ್ಲೊಸಿ ಸಂದಿ ಅದೆ, ಇಡವ್ವ" ಎಂದು ಜಾಗ ತೋರಿಸುತ್ತಿದ್ದಳು. ಜಗಲಿಯ ಕೆಳಗೆ ನೀರು ತುಂಬಿದ ಕೊಡಗಳ ಸಾಲು.

"ಏನವ್ವ ಇದು? ನನ್ನ ಕೆಲ್ಸ ಓಯ್ತದೆ!"

"ಹೆಂಚಿನ ಮನೇಲಿ ಇಡಬೋದು ಅಂತ ನೀನೇ ಅಲ್ವೇನ್ಲಾ ಬರ್ದಿದ್ದು? ಯಾರ ದೀಪ ಅಂತ ಏನಾರ ಬರ್ದಿದ್ದೀಯಾ?"

ಅಷ್ಟರಲ್ಲಿ ಛೇರ್ಮನ್ನರ ಸೈಕಲ್ಲು ಬಂದು ನಿಂತಿತು. ಯಾರೋ ಹೋಗಿ ಹೇಳಿದ್ದರೆಂದು ಕಾಣುತ್ತದೆ.

"ಏನ್ರೀ ಗುಮಾಸ್ತ್ರೇ, ಇದು ಕಾನೂನಿಗೆ ಸರಿಯಾ?"

"ಬರ್ದಿರೋ ಪ್ರಕಾರ ತಪ್ಪೇನಿಲ್ಲ ಸ್ವಾಮಿ" ಅಂದೆ.

ಅವರು ಕೊಡಗಳನ್ನು ನೋಡಿದರು, ಮೇಲೆ ಹೆಂಚನ್ನು ನೋಡಿದರು, ಆಮೇಲೆ ಜೋರಾಗಿ ನಕ್ಕುಬಿಟ್ಟರು. "ತಾಯೀ, ನಮ್ಮ ಬೀದೀಲೂ ನಂದೊಂದೇ ಹೆಂಚಿನ ಮನೆ ಕಣ್ರೀ. ನಮ್ಮನೆಯವ್ಳು ನಾಲ್ಕು ದೀಪ ಇಟ್ಕೊಂಡು ಮುಖ ಊದಿಸ್ಕೊಂಡು ಕೂತವ್ಳೆ. ಈಗ ಓಗಿ ಎಲ್ಲರ್ನೂ ಕರೀತೀನಿ" ಎಂದು ಸೈಕಲ್ಲು ತಿರುಗಿಸಿದರು.

ಆ ಕಾರ್ತಿಕದ ಎಲ್ಲ ಸೋಮವಾರವೂ ಹಾಗೇ ನಡೆಯಿತು. ಹಣತೆಯ ಎಣ್ಣೆ ಸೋರಿ ನಮ್ಮ ಜಗಲಿ ಜಾರುಬಂಡೆಯಾಗಿತ್ತು. ಮಂಗಳವಾರ ಬೆಳಿಗ್ಗೆ ಸೀಗೆಪುಡಿ ಹಾಕಿ ಉಜ್ಜುವ ಕೆಲಸವನ್ನು ಅವ್ವ ನನಗೇ ವಹಿಸಿದ್ದಳು. ನೀರಿಗೆ ಹೋಗುವ ಹೆಂಗಸರು ನಿಂತು, "ಆ ಮೂಲೇಲಿ ಇನ್ನೂ ಅದೆ ಕಣಪ್ಪ" ಎಂದು ತೋರಿಸಿ ನಗುತ್ತಾ ಹೋಗುತ್ತಿದ್ದರು. ನಾನೂ ನಗುತ್ತಲೇ ಉಜ್ಜುತ್ತಿದ್ದೆ.