ಮೂರು ದಿನದ ಬಾಡಿಗೆಯ ಅತಿಥಿ

ಮಸ್ಕಿಯ ಶಿಲಾಶಾಸನವನ್ನು ನೋಡಬರುವ ವಿದ್ವಾಂಸರಿಗೆಂದು ನಾನು ಕೋಣೆಯೊಂದನ್ನು ಕಟ್ಟಿಸಿ ದಿನಬಾಡಿಗೆಗೆ ಇಟ್ಟೆನು. ಬಂದವನು ಕಾಲುವೆಯ ಗುತ್ತಿಗೆದಾರ. ಮೂರು ದಿನಕ್ಕೆಂದು ಬಿಚ್ಚಿದ ಹಾಸಿಗೆಯನ್ನು ಇಪ್ಪತ್ತು ದಿನವಾದರೂ ಸುತ್ತಲಿಲ್ಲ. ಅಷ್ಟರಲ್ಲಿ, ತನ್ನ ಕಣ್ಣು ಪೂರ್ತಿ ಮಂಜಾಗುವ ಮೊದಲು ಶಾಸನವನ್ನೊಮ್ಮೆ ಓದಬೇಕೆಂದು ನನ್ನ ಸಹಪಾಠಿಯ ಪತ್ರ ಬಂದಿತು. ಕೋಣೆ ನಿನಗಾಗಿ ಖಾಲಿಯಿರುವುದೆಂದು ಬರೆದುಬಿಟ್ಟೆನು.

“ಯಾವಾಗ ಹೋಗ್ತೀರಿ ಅಂತ ಆತನ್ನ ಕೇಳ್ರಲ್ಲ,” ಎಂದಳು ಹೆಂಡತಿ.

“ಮನಿಗೆ ಬಂದವ್ರನ್ನ ಹಂಗ ಕೇಳಬಾರದು.”

“ಬಾಡಿಗಿ ಕೊಡಾಂವ ನಿಮಗ ಬೀಗ ಹೆಂಗಾದ್ನರೀ?”

ನಾನು ಕೇಳಲಿಲ್ಲ. ಗೆಳೆಯನು ಲಿಂಗಸುಗೂರಿನ ಬಸ್ಸಿಳಿದು ಬಂದಾಗ ಗುತ್ತಿಗೆದಾರನೇ ಬಾಗಿಲಿಗೆ ಬಂದು, “ಬರ್ರೀ ಯಜಮಾನ್ರ, ನಿಮ್ಮ ಮನಿ ಅಂತ ತಿಳ್ಕೋರಿ. ನನ್ನ ಕೋಣ್ಯಾಗ ಒಂದು ಮೂಲಿ ಐತಿ,” ಎಂದು, ಚಹಾ ತರಲು ನನಗೇ ಹೇಳಿದನು.

“ಖಾಲಿ ಐತಿ ಅಂತ ಬರದಿದ್ಯಲ್ಲೋ,” ಎಂದ ಗೆಳೆಯ. ಶಾಸನವನ್ನಾದರೂ ನೋಡಿ ಹೋಗೆಂದು ಬೇಡಿದೆನು. ಅವನು ಹಿಂದಿರುಗುವ ಬಸ್ಸು ಹತ್ತಿದನು. ಆ ಕಣ್ಣುಗಳು ಶಾಸನವನ್ನು ಕಾಣಲೇ ಇಲ್ಲ.

ಮರುವಾರ ಗುತ್ತಿಗೆದಾರನು ತಾನಾಗಿಯೇ ಹೊರಟನು. ಹೋಗುವಾಗ ನನ್ನ ಸೌಜನ್ಯವನ್ನು ಬಹುವಾಗಿ ಹೊಗಳಿದನು. ಯಾವಾಗ ಹೋಗುವಿರೆಂದು ನಾನು ಒಮ್ಮೆಯೂ ಕೇಳದಿದ್ದುದು ಅವನಿಗೆ ತುಂಬ ಹಿಡಿಸಿತ್ತಂತೆ.